ಲಿನಕ್ಸಿನಲ್ಲಿ ಹಾಡು ಹುಡುಕುವ ದಾರಿ: ನಿಕೋಟಿನ್ ಪ್ಲಸ್, ಹಳೆಯ ತಟ್ಟೆಗಳು, ನಮ್ಮ ತತ್ವಪದಗಳು

ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿಗಳೊಂದಿಗೆ ಹಳ್ಳಿಯ ಭಜನಾ ಮಂಡಳಿಯವರು ಹಾಡಿದ ಹಾಗೆಯೇ ಕೇಳಬಯಸುವವರಿಗೂ, 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಕಾಲದ ಹಿಂದೂಸ್ತಾನಿ ಗಾಯನವನ್ನು ಆದಷ್ಟು ಮೂಲಕ್ಕೆ ಹತ್ತಿರವಾಗಿ ಕೇಳಬಯಸುವವರಿಗೂ ತಿಂಗಳ ಚಂದಾ ಕಟ್ಟಿ ಕೇಳುವ ಸಂಗೀತದ ಆ್ಯಪ್‌ಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಯಾವುದಾದರೂ ಕಂಪನಿ ಹಕ್ಕು ಪಡೆದು ಏರಿಸಿದ ಸಂಗೀತ ಮಾತ್ರ ಅಲ್ಲಿರುತ್ತದೆ. ಉಳಿದದ್ದೆಲ್ಲ ಜನರ ಮನೆಗಳಲ್ಲಿದೆ: ಕಪಾಟಿನ ಕ್ಯಾಸೆಟ್ಟುಗಳಲ್ಲಿ, ಯಾರೋ ಶ್ರಮಪಟ್ಟು ಡಿಜಿಟಲ್‌ಗೆ ಇಳಿಸಿಟ್ಟ ಹಾರ್ಡ್ ಡಿಸ್ಕುಗಳಲ್ಲಿ. ಒಬ್ಬರ ಹಾರ್ಡ್ ಡಿಸ್ಕಿನಿಂದ ಇನ್ನೊಬ್ಬರ ಹಾರ್ಡ್ ಡಿಸ್ಕಿಗೆ ನೇರವಾಗಿ ದಾರಿ ಮಾಡಿಕೊಡುವ ಫೈಲ್ ಹಂಚಿಕೆಯ ತಂತ್ರಾಂಶಗಳು ಈ ಕಾರಣಕ್ಕಾಗಿಯೇ ನನಗೆ ಇಂದಿಗೂ ಮುಖ್ಯವಾಗಿವೆ. ಕಲಬುರಗಿಯ ನನ್ನ ಮನೆಯಲ್ಲಿ ಲಿನಕ್ಸ್ ಮಿಂಟ್ ಹಾಕಿದ ಒಂದು ಹಳೆಯ ಕಂಪ್ಯೂಟರ್ ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತಿದೆ. ಅದರಲ್ಲಿ ನಾನು ಹುಡುಕುವ ಕ್ರಮವನ್ನೂ, ಆ ಕ್ರಮ ಹಾಗೇಕೆ ಇದೆ ಎಂಬುದನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1999ರಲ್ಲಿ ಬಂದ ನ್ಯಾಪ್‌ಸ್ಟರ್ ಹಾಡುಗಳ ಪಟ್ಟಿಯನ್ನು ತನ್ನ ಸರ್ವರಿನಲ್ಲಿಯೇ ಇಟ್ಟುಕೊಂಡಿತ್ತು. ಆದ್ದರಿಂದಲೇ 2001ರಲ್ಲಿ ನ್ಯಾಯಾಲಯದ ಆದೇಶ ಬಂದಾಗ ಇಡೀ ವ್ಯವಸ್ಥೆಯೇ ನಿಂತುಹೋಯಿತು. 2000ದಲ್ಲಿ ಹುಟ್ಟಿದ ನ್ಯೂಟೆಲ್ಲಾ ಜಾಲಕ್ಕೆ ಅಂಥ ಕೇಂದ್ರವಿರಲಿಲ್ಲ. ಆ ಜಾಲದ ಲೈಮ್‌ವೈರ್ ಜಾವಾದಲ್ಲಿ ಬರೆದದ್ದಾದ್ದರಿಂದ ಲಿನಕ್ಸಿನಲ್ಲಿಯೂ ಓಡುತ್ತಿತ್ತು, ಅದೂ 2010ರ ಅಕ್ಟೋಬರಿನಲ್ಲಿ ನ್ಯಾಯಾಲಯದ ಆದೇಶದಿಂದ ನಿಂತಿತು. ಇ-ಡಾಂಕಿ ಜಾಲಕ್ಕೆ ಲಿನಕ್ಸಿನಲ್ಲಿ ಎಮ್ಯೂಲಿನ ಬಂಧುವಾದ ಎ-ಮ್ಯೂಲ್ ಇದೆ. ಡೈರೆಕ್ಟ್ ಕನೆಕ್ಟ್ ಹಬ್‌ಗಳು ಒಂದು ಕಾಲಕ್ಕೆ ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ಲುಗಳಲ್ಲಿ ಮನೆಮಾತಾಗಿದ್ದವು. ಬ್ರ್ಯಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್ ಇವೆಲ್ಲವನ್ನೂ ಹಿಂದೆ ಹಾಕಿತು. ಬಿಟ್‌ಟೊರೆಂಟ್ ದೊಡ್ಡ ಫೈಲನ್ನು ಬೇಗ ತರಿಸುವುದರಲ್ಲಿ ಸಮರ್ಥವಾದದ್ದೇ ಹೊರತು ಅದರೊಳಗೆ ಹುಡುಕಾಟದ ಏರ್ಪಾಡಿಲ್ಲ. ಏನು ಬೇಕು, ಅದರ ಟೊರೆಂಟ್ (ಅದನ್ನು ತರಿಸಲು ಬೇಕಾದ ವಿವರಗಳಿರುವ ಪುಟ್ಟ ಫೈಲು) ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಹುಡುಕುವುದೇ ಮುಖ್ಯವಾದಾಗ, ಅದರಲ್ಲಿಯೂ ಸಂಗೀತವನ್ನು ಹುಡುಕುವಾಗ, ನಾನು ನಂಬಿರುವುದು ಸೋಲ್‌ಸೀಕ್ ಜಾಲವನ್ನು.

ಸೋಲ್‌ಸೀಕನ್ನು ಕಟ್ಟಿದವರು ನ್ಯಾಪ್‌ಸ್ಟರಿನಲ್ಲಿ ಕೆಲಸ ಮಾಡಿದ್ದ ನಿರ್ ಅರ್ಬೆಲ್. ಅದರ ಅಧಿಕೃತ ತಂತ್ರಾಂಶವೂ ಲಿನಕ್ಸಿಗೆ ದೊರೆಯುತ್ತದೆ. ಆದರೆ ಲಿನಕ್ಸ್ ಬಳಸುವವರು ಹೆಚ್ಚಾಗಿ ಹಾಕಿಕೊಳ್ಳುವುದು ನಿಕೋಟಿನ್ ಪ್ಲಸ್ ಎಂಬ ಮುಕ್ತ ತಂತ್ರಾಂಶವನ್ನು. ಇದು ಪೈಥಾನ್ ಭಾಷೆಯಲ್ಲಿದೆ, ಜಿಪಿಎಲ್ ಪರವಾನಗಿಯಲ್ಲಿದೆ, ಪೈಸೋಲ್‌ಸೀಕ್ ಎಂಬ ಹಳೆಯ ಯೋಜನೆಯಿಂದ ನಿಕೋಟಿನ್ ಆಗಿ, ಅಲ್ಲಿಂದ ನಿಕೋಟಿನ್ ಪ್ಲಸ್ ಆಗಿ ಕೈಯಿಂದ ಕೈಗೆ ಬೆಳೆದು ಬಂದಿದೆ. ಡೆಬಿಯನ್, ಉಬುಂಟು, ಮಿಂಟ್ ಎಂಬ ಲಿನಕ್ಸ್ ಆವೃತ್ತಿಗಳ ತಂತ್ರಾಂಶ ಭಂಡಾರದಲ್ಲಿ ಇದರ ಹೆಸರು ಬರೀ ನಿಕೋಟಿನ್ ಎಂದಿದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಆ ಹೆಸರು ಕೊಟ್ಟರೆ ಸಾಕು. ಹೊಸ ಆವೃತ್ತಿಯೇ ಬೇಕೆನ್ನುವವರು ಬೇರೆ ಬೇರೆ ಲಿನಕ್ಸುಗಳಲ್ಲಿ ಒಂದೇ ರೀತಿ ಹಾಕಿಕೊಳ್ಳಬಹುದಾದ ಫ್ಲಾಟ್‌ಪ್ಯಾಕ್ ರೂಪದಲ್ಲಿ ತರಿಸಿಕೊಳ್ಳಬಹುದು. ಮೊದಲ ಸಲ ತೆರೆದಾಗ ಒಂದು ಬಳಕೆದಾರ ಹೆಸರು, ಒಂದು ಗುಪ್ತಪದ ಕೇಳುತ್ತದೆ. ಇಮೇಲ್ ಬೇಡ, ಮೊಬೈಲ್ ನಂಬರ್ ಬೇಡ, ಓಟಿಪಿ ಬೇಡ. ಆ ಹೆಸರು ಬೇರೆಯವರಲ್ಲಿ ಇಲ್ಲದಿದ್ದರೆ ಅದು ನಿಮ್ಮದಾಗುತ್ತದೆ.

ಮುಂದೆ ಅದು ಹಂಚಿಕೊಳ್ಳುವ ಫೋಲ್ಡರನ್ನು ಕೇಳುತ್ತದೆ, ಈ ಹಂತದಲ್ಲಿ ಅವಸರ ಮಾಡಬಾರದು. ಹೋಮ್ ಫೋಲ್ಡರನ್ನೇ ತೋರಿಸಿಬಿಟ್ಟರೆ ಆಧಾರ್ ಕಾರ್ಡಿನ ಸ್ಕ್ಯಾನು, ಬ್ಯಾಂಕಿನ ಸ್ಟೇಟ್‌ಮೆಂಟು, ಮನೆಯವರ ಫೋಟೋ ಎಲ್ಲವೂ ಜಗತ್ತಿನ ಮುಂದೆ ತೆರೆದುಕೊಳ್ಳುತ್ತವೆ. ಸಂಗೀತಕ್ಕೆಂದೇ ಬೇರೆ ಒಂದು ಫೋಲ್ಡರ್ ಮಾಡಿ ಅದನ್ನು ಮಾತ್ರ ಹಂಚಬೇಕು. ಇಳಿಸಿಕೊಂಡ ಫೈಲುಗಳು ಬಂದು ಬೀಳುವ ಫೋಲ್ಡರನ್ನು ಅದರಿಂದ ಪ್ರತ್ಯೇಕವಾಗಿ ಇಟ್ಟರೆ, ಬಂದದ್ದನ್ನು ಕೇಳಿ, ಪರೀಕ್ಷಿಸಿ, ಹೆಸರು ಸರಿಪಡಿಸಿದ ಮೇಲೆ ಒಳಗೆ ಸೇರಿಸಬಹುದು. ಫ್ಲಾಟ್‌ಪ್ಯಾಕ್ ಆವೃತ್ತಿಯಲ್ಲಿ ತಂತ್ರಾಂಶಕ್ಕೆ ಯಾವ ಫೋಲ್ಡರು ಕಾಣಬೇಕು ಎಂಬುದನ್ನು ನಾವೇ ನಿಗದಿ ಮಾಡಬಹುದಾದ್ದರಿಂದ ಇನ್ನಷ್ಟು ನೆಮ್ಮದಿ.

ಇನ್ನು ಹುಡುಕಾಟದ ವಿಚಾರ. ಸೋಲ್‌ಸೀಕಿನ ಸರ್ವರಿನಲ್ಲಿ ಹಾಡುಗಳೂ ಇಲ್ಲ, ಹಾಡುಗಳ ಪಟ್ಟಿಯೂ ಇಲ್ಲ. ನಾವು ಎರಡು ಪದ ಬರೆದು ಎಂಟರ್ ಒತ್ತಿದಾಗ ಸರ್ವರು ಆ ಕೋರಿಕೆಯನ್ನು ಕೆಲವು ಬಳಕೆದಾರರ ಕಂಪ್ಯೂಟರುಗಳಿಗೆ ಒಪ್ಪಿಸುತ್ತದೆ. ಅವು ತಮ್ಮ ಕೆಳಗಿನ ಕಂಪ್ಯೂಟರುಗಳಿಗೆ, ಅವು ಮತ್ತೂ ಕೆಳಗಿನವುಗಳಿಗೆ ಅದನ್ನು ದಾಟಿಸುತ್ತ ಹೋಗುತ್ತವೆ. ಹೀಗೆ ಕೋರಿಕೆ ಕೊಂಬೆ ಕೊಂಬೆಯಾಗಿ ಹರಡಿ ಪ್ರತಿಯೊಂದು ಕಂಪ್ಯೂಟರನ್ನು ಮುಟ್ಟಿದಾಗ ಅದು ತನ್ನ ಹಂಚಿಕೆಯ ಫೋಲ್ಡರನ್ನು ಮಾತ್ರ ನೋಡಿಕೊಂಡು, ಹೊಂದುವ ಫೈಲು ಇದ್ದರೆ ನೇರವಾಗಿ ನಮಗೆ ಉತ್ತರ ಕಳಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಗಂಜಿನ (ಮಾರುಕಟ್ಟೆಯ) ನಡುವೆ ನಿಂತು ಒಂದು ಹೆಸರು ಕೂಗಿದರೆ ಅಂದು ಬಂದವರಲ್ಲಿ ಬಲ್ಲವರಷ್ಟೇ ಓಗೊಡುವಂಥ ಏರ್ಪಾಡು ಇದು. ಆದ್ದರಿಂದ ಒಮ್ಮೆ ಹುಡುಕಿ ಏನೂ ಬಾರದಿದ್ದರೆ ಆ ಸಂಗೀತ ಜಾಲದಲ್ಲಿಯೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಅದನ್ನು ಇಟ್ಟುಕೊಂಡಿರುವವರು ಆ ಹೊತ್ತಿನಲ್ಲಿ ಕಂಪ್ಯೂಟರ್ ಆರಿಸಿ ಮಲಗಿರಬಹುದು.

ಈ ಒಂದು ಸಂಗತಿಯಿಂದ ಹೊತ್ತಿನ ಲೆಕ್ಕಾಚಾರ ಹುಟ್ಟುತ್ತದೆ. ನಮ್ಮಲ್ಲಿ ರಾತ್ರಿ ಹತ್ತು ಗಂಟೆಯಾದಾಗ ಜರ್ಮನಿಯಲ್ಲಿ ಚಳಿಗಾಲವಾದರೆ ಸಂಜೆ ಐದೂವರೆ, ಬೇಸಿಗೆಯಾದರೆ ಆರೂವರೆ. ಕೆಲಸ ಮುಗಿಸಿ ಮನೆಗೆ ಬಂದವರು ಕಂಪ್ಯೂಟರ್ ಹಚ್ಚುವ ಸಮಯ. ಅಮೆರಿಕದವರ ಸಂಜೆ ನಮ್ಮ ಬೆಳಗಿನ ಜಾವಕ್ಕೆ ಹೊಂದುತ್ತದೆ. ಹಿಂದೂಸ್ತಾನಿ ಸಂಗೀತದ ಅಚ್ಚುಕಟ್ಟಾದ ಸಂಗ್ರಹಗಳು ಯುರೋಪಿನವರ ಬಳಿ ಎಷ್ಟಿವೆ ಎಂಬುದನ್ನು ನೋಡಿದಾಗ ನನಗೆ ಆಶ್ಚರ್ಯವೂ ಕೃತಜ್ಞತೆಯೂ ಒಟ್ಟಿಗೇ ಉಂಟಾದವು. ಪ್ರತಿ ಹೊತ್ತಿಗೂ ಕೂತು ಹುಡುಕುವುದು ಆಗದ ಮಾತಾದ್ದರಿಂದ ನಿಕೋಟಿನ್ ಪ್ಲಸ್‌ನಲ್ಲಿ ವಿಶ್‌ಲಿಸ್ಟ್ ಎಂಬ ಸೌಲಭ್ಯವಿದೆ. ಬೇಕಾದ ಹೆಸರುಗಳನ್ನು ಅದರಲ್ಲಿ ಬರೆದಿಟ್ಟರೆ ತಂತ್ರಾಂಶ ಅವುಗಳನ್ನು ಸರದಿಯಂತೆ ತಾನೇ ಮತ್ತೆ ಮತ್ತೆ ಹುಡುಕಿ, ಸಿಕ್ಕಾಗ ತಿಳಿಸುತ್ತದೆ. ಅಪರೂಪದ ಸಂಗೀತ ನನಗೆ ದೊರೆತದ್ದು ಬಹುಮಟ್ಟಿಗೆ ಈ ಪಟ್ಟಿಯಿಂದಲೇ.

ಎರಡನೆಯ ಸಂಗತಿ ಕಾಗುಣಿತದ್ದು, ಕನ್ನಡದವರಿಗೆ ಇದು ಬಹಳ ಮುಖ್ಯವಾದದ್ದು. ಹುಡುಕಾಟ ನಡೆಯುವುದು ಫೈಲಿನ ಹೆಸರು ಮತ್ತು ಅದು ಇರುವ ಫೋಲ್ಡರುಗಳ ಹೆಸರಿನ ಮೇಲೆ. ಹಾಡಿನೊಳಗೆ ಬರೆದ ಟ್ಯಾಗುಗಳನ್ನು ಅದು ನೋಡುವುದಿಲ್ಲ. ನಾವು ಕೊಟ್ಟ ಪದಗಳೆಲ್ಲವೂ ಆ ದಾರಿಯಲ್ಲಿ ಎಲ್ಲಾದರೂ ಇರಲೇಬೇಕು, ಅನುಕ್ರಮ ಹೇಗಿದ್ದರೂ ನಡೆಯುತ್ತದೆ. ಕನ್ನಡ ಲಿಪಿಯಲ್ಲಿ ಹೆಸರಿಟ್ಟವರು ತೀರ ವಿರಳ, ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿಯೇ ಹುಡುಕಬೇಕಾಗುತ್ತದೆ, ಆಗ ಒಂದೊಂದು ಹೆಸರಿಗೂ ಹಲವು ರೂಪಗಳು ಎದುರಾಗುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಹೆಸರನ್ನೇ ತೆಗೆದುಕೊಳ್ಳೋಣ. ಮಲ್ಲಿಕಾರ್ಜುನ ಎಂಬುದರ ಕೊನೆಗೆ ಕೆಲವರು ಎ ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಮನ್ಸೂರ ಎಂಬುದಕ್ಕೆ ಕೆಲವರು ಒಂದು ಯು, ಕೆಲವರು ಎರಡು ಓ. ಇಷ್ಟಕ್ಕೇ ನಾಲ್ಕು ಜೋಡಿಗಳಾದವು. ಪೂರ್ಣ ಹೆಸರು ಬರೆದು ಹುಡುಕಿದರೆ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕೇಳಿದಂತಾಗುತ್ತದೆ.

ಹೀಗಾಗಿ ಬದಲಾಗಲು ಅವಕಾಶವಿಲ್ಲದ ಪದವನ್ನು ಆರಿಸಿಕೊಳ್ಳುವುದೇ ಈ ಹುಡುಕಾಟದ ಮುಖ್ಯ ಕೌಶಲ. ಗಂಗೂಬಾಯಿ ಎಂಬುದನ್ನು ಹಲವು ಬಗೆಯಲ್ಲಿ ಬರೆಯುತ್ತಾರೆ, ಹಾನಗಲ್ ಎಂಬುದನ್ನು ಬಹುತೇಕ ಒಂದೇ ಬಗೆಯಲ್ಲಿ. ಆದ್ದರಿಂದ ಹಾನಗಲ್ ಒಂದೇ ಸಾಕು. ಪದದ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಆರಂಭದ ಅಕ್ಷರಗಳು ಏನಿದ್ದರೂ ಒಪ್ಪುತ್ತದೆ. ಸವಾಯಿ ಗಂಧರ್ವರ ಸವಾಯಿಯನ್ನು ಒಬ್ಬರು ವಿ ಅಕ್ಷರದಿಂದ, ಇನ್ನೊಬ್ಬರು ಡಬ್ಲ್ಯೂ ಅಕ್ಷರದಿಂದ ಬರೆದಿದ್ದರೂ ನಕ್ಷತ್ರದ ನಂತರ ಕೊನೆಯ ಎರಡಕ್ಷರ ಬರೆದರೆ ಎರಡೂ ಸಿಗುತ್ತವೆ. ಪದದ ಕೊನೆಯಲ್ಲಿ ಮಾತ್ರ ನಕ್ಷತ್ರ ಕೆಲಸಕ್ಕೆ ಬಾರದು, ಅಲ್ಲಿ ಬೇರೆ ಬೇರೆಯಾಗಿಯೇ ಹುಡುಕಬೇಕು. ಬೇಡದ ಪದದ ಮೊದಲಿಗೆ ಕಳೆಯುವ ಚಿಹ್ನೆ ಇಟ್ಟರೆ ಆ ಪದವಿರುವ ಫೈಲುಗಳು ಬರುವುದಿಲ್ಲ. ರಾಗದ ಹೆಸರಿನಿಂದ ಹುಡುಕುವುದಾದರೆ ತೋಡಿಯಂಥ ಚಿಕ್ಕ ಹೆಸರು ಸುರಕ್ಷಿತ. ಮಾಲಕಂಸದ ಕಾಗುಣಿತಕ್ಕೆ ಲೆಕ್ಕವೇ ಇಲ್ಲ. ಮನ್ಸೂರರು ಹಾಡುತ್ತಿದ್ದ ಖಟ್, ಶಿವಮತ ಭೈರವ, ಏಕ ನಿಷಾದ ಬಿಹಾಗಡಾದಂಥ ಅಪರೂಪದ ರಾಗಗಳಿಗೆ ಇನ್ನೊಂದು ಅನುಕೂಲವಿದೆ: ಆ ಹೆಸರಿನಿಂದ ಬರುವ ಉತ್ತರಗಳು ಕೆಲವೇ ಆದರೂ, ಕಳಿಸಿದವರು ಸಾಮಾನ್ಯವಾಗಿ ಸಂಗೀತ ಬಲ್ಲವರೇ ಆಗಿರುತ್ತಾರೆ.

ಅಂಥ ಒಬ್ಬರು ಸಿಕ್ಕಾಗ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಫೈಲಿನ ಮೇಲೆ ಬಲಗುಂಡಿ ಒತ್ತಿ ಆ ಬಳಕೆದಾರರ ಎಲ್ಲ ಫೋಲ್ಡರುಗಳನ್ನು ತೆರೆದು ನೋಡುವ ಸೌಲಭ್ಯ ಸೋಲ್‌ಸೀಕಿನ ನಿಜವಾದ ಸಂಪತ್ತು. ಒಮ್ಮೆ ಹೀಗೆ ತೆರೆದ ಸಂಗ್ರಹದಲ್ಲಿ ಘರಾಣೆಗಳಿಗೆ ಒಂದೊಂದು ಫೋಲ್ಡರ್, ಅದರೊಳಗೆ ಗಾಯಕರಿಗೆ ಒಂದೊಂದು, ಅದರೊಳಗೆ ತಟ್ಟೆಗೊಂದು. ತಟ್ಟೆಯ ಎರಡೂ ಬದಿಗಳ ಲೇಬಲ್ಲುಗಳನ್ನು ಸ್ಕ್ಯಾನ್ ಮಾಡಿ ಸೇರಿಸಿದ್ದರು, ಒಂದು ಪಠ್ಯ ಫೈಲಿನಲ್ಲಿ ತಟ್ಟೆಯ ಸಂಖ್ಯೆ, ನುಡಿಸಿದ ಯಂತ್ರ, ಸೂಜಿಯ ಅಳತೆ ಬರೆದಿದ್ದರು. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಯುವುದು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಒಂದು ಖಯಾಲಿನ ಸ್ಥಾಯಿ, ಅಂತರಾ, ತಾನುಗಳನ್ನೆಲ್ಲ ಅಡಕಮಾಡಿ ಹಾಡಿದವರ ಶಿಸ್ತು ಎಂಥದ್ದೋ, ಅದನ್ನು ಇಷ್ಟು ಜತನದಿಂದ ಕಾದಿಟ್ಟವರ ಶಿಸ್ತೂ ಅಂಥದ್ದೇ. ಕೇಳಬೇಕೆಂದು ನನಗೆ ಹೊಳೆಯದೇ ಇದ್ದ ಎಷ್ಟೋ ಗಾಯಕರ ಹೆಸರುಗಳು ನನಗೆ ತಿಳಿದದ್ದು ಇಂಥ ಫೋಲ್ಡರುಗಳನ್ನು ಓದುತ್ತ ಹೋದಾಗ.

ಇಲ್ಲಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಬಿಟ್‌ಟೊರೆಂಟಿನಲ್ಲಿ ಒಂದು ಫೈಲಿನ ತುಂಡುಗಳು ಹಲವರಿಂದ ಬರುತ್ತವೆ. ಸೋಲ್‌ಸೀಕಿನಲ್ಲಿ ಒಂದು ಫೈಲು ಒಬ್ಬರಿಂದಲೇ ಪೂರ್ತಿಯಾಗಿ ಬರಬೇಕು. ಅವರ ಸರದಿಯಲ್ಲಿ ನಮಗಿಂತ ಮುಂದೆ ನೂರು ಫೈಲುಗಳಿದ್ದರೆ ನಾವು ಕಾಯಬೇಕು, ಅವರು ಹೊರಹೋದರೆ ಮತ್ತೆ ಬರುವವರೆಗೆ ಫೈಲು ಅರ್ಧಕ್ಕೇ ನಿಂತಿರುತ್ತದೆ. ಇಡೀ ಸಂಗ್ರಹವನ್ನು ಒಮ್ಮೆಗೇ ಬಾಚಿಕೊಳ್ಳಲು ಹೊರಟರೆ ಉಳಿದವರ ಸರದಿಗೆ ಅಡ್ಡಿಯಾಗುತ್ತದೆ, ಅದು ಒಳ್ಳೆಯ ನಡತೆಯಲ್ಲ. ತಾವು ಏನನ್ನೂ ಹಂಚದೆ ಪಡೆಯಲು ಮಾತ್ರ ಬರುವವರನ್ನು ಅನೇಕರು ತಡೆಯುತ್ತಾರೆ, ತಡೆಯುವುದು ನ್ಯಾಯವೇ. ಇಳಿಸಿಕೊಂಡ ಮೇಲೆ ಒಂದು ಸಾಲಿನ ಧನ್ಯವಾದ ಕಳಿಸಿದರೆ ಎಷ್ಟೋ ಸಲ ಅದರಿಂದಲೇ ಮಾತುಕತೆ ಬೆಳೆಯುತ್ತದೆ. ಯಾವ ಮುದ್ರಣ ಉತ್ತಮ, ಯಾವುದರಲ್ಲಿ ವೇಗ ತಪ್ಪಿದೆ ಎಂಬಂಥ ವಿವರಗಳು ನನಗೆ ತಿಳಿದದ್ದು ಹೀಗೆಯೇ.

ಹುಡುಕಾಟಕ್ಕೆ ಉತ್ತರಗಳು ಬಂದರೂ ಡೌನ್‌ಲೋಡ್ ಆರಂಭವೇ ಆಗುವುದಿಲ್ಲ ಎಂಬ ದೂರನ್ನು ನಮ್ಮ ಭಾಗದ ಗೆಳೆಯರು ಮೇಲಿಂದ ಮೇಲೆ ಹೇಳುತ್ತಾರೆ. ಕಾರಣ ಸಾಮಾನ್ಯವಾಗಿ ಪೋರ್ಟಿನದು, ಅಂದರೆ ಹೊರಗಿನ ಸಂಪರ್ಕ ಕಂಪ್ಯೂಟರಿನೊಳಗೆ ಬರುವ ಬಾಗಿಲಿನದು. ನಿಕೋಟಿನ್ ಪ್ಲಸ್ ಹೊರಗಿನ ಸಂಪರ್ಕಕ್ಕಾಗಿ ಕಾಯುವ ಪೋರ್ಟು ರೂಢಿಯಂತೆ 2234. ಲಿನಕ್ಸಿನ ಫೈರ್‌ವಾಲ್ ಚಾಲೂ ಇದ್ದರೆ ಅದರಲ್ಲಿ ಈ ಟಿಸಿಪಿ ಪೋರ್ಟನ್ನು ಬಿಡಬೇಕು, ರೌಟರಿನಲ್ಲಿಯೂ ಅದನ್ನು ಕಂಪ್ಯೂಟರಿನ ಕಡೆಗೆ ತಿರುಗಿಸಬೇಕು. ರೌಟರಿನಲ್ಲಿ ಯುಪಿಎನ್‌ಪಿ ಇದ್ದರೆ ತಂತ್ರಾಂಶವೇ ಆ ಕೆಲಸ ಮಾಡಿಕೊಳ್ಳುತ್ತದೆ. ಇಷ್ಟಾದರೂ ಆಗದಿದ್ದರೆ ರೌಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸ ಏನೆಂದು ನೋಡಬೇಕು. ಅದು 100.64ರಿಂದ 100.127ರೊಳಗೆ ಆರಂಭವಾಗುತ್ತಿದ್ದರೆ ನಮ್ಮ ಇಂಟರ್ನೆಟ್ ಸೇವೆಯವರು ಅನೇಕ ಗಿರಾಕಿಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದಾರೆಂದು ಅರ್ಥ. ಆಗ ನಮ್ಮ ರೌಟರಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ. ಆದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಇಬ್ಬರಲ್ಲಿ ಒಬ್ಬರ ಪೋರ್ಟು ತೆರೆದಿದ್ದರೆ ಸಾಕು: ಅವರಿಂದ ನಮಗೆ ಸಂಪರ್ಕ ಸಾಧ್ಯವಾಗದಿದ್ದಾಗ ಸರ್ವರು ನಮಗೆ ಸೂಚನೆ ಕೊಟ್ಟು ನಮ್ಮ ಕಡೆಯಿಂದಲೇ ಸಂಪರ್ಕ ಮಾಡಿಸುತ್ತದೆ. ಇಬ್ಬರದೂ ಮುಚ್ಚಿದ್ದರೆ ಮಾತ್ರ ಆಗುವುದಿಲ್ಲ. ಕೇಳಿದರೆ ಕೆಲವು ಸೇವೆಯವರು ಹೆಚ್ಚಿನ ಶುಲ್ಕಕ್ಕೆ ಸ್ಥಿರ ವಿಳಾಸ ಕೊಡುತ್ತಾರೆ.

ಬಂದ ಫೈಲಿನ ಗುಣಮಟ್ಟವನ್ನು ಹೆಸರು ನೋಡಿ ನಂಬಬಾರದು. ಎಂಪಿ3 ಫೈಲನ್ನೇ ಫ್ಲ್ಯಾಕ್‌ಗೆ ಬದಲಿಸಿ ಇಟ್ಟವರಿದ್ದಾರೆ; ಫ್ಲ್ಯಾಕ್ ಯಾವ ನಷ್ಟವೂ ಇಲ್ಲದೆ ಕುಗ್ಗಿಸುವ ರೂಪವಾದರೂ ಮೊದಲೇ ಕಳೆದುಹೋದದ್ದನ್ನು ಅದು ಮರಳಿ ತರಲಾರದು. ಸ್ಪೆಕ್ ಎಂಬ ಪುಟ್ಟ ತಂತ್ರಾಂಶ ಲಿನಕ್ಸಿನ ಭಂಡಾರಗಳಲ್ಲಿದೆ, ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಧ್ವನಿಯ ಆವರ್ತನಗಳ ಚಿತ್ರ ಬಿಡಿಸುತ್ತದೆ. ಸಿಡಿಯಿಂದ ಬಂದ ಧ್ವನಿ 22 ಕಿಲೋಹರ್ಟ್ಸಿನ ಸಮೀಪದವರೆಗೆ ಹಬ್ಬಿರಬಹುದು, 128 ಕೆಬಿಪಿಎಸ್ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಸಿನಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಹಳೆಯ ತಟ್ಟೆಗಳ ವಿಷಯದಲ್ಲಿ ಮಾತ್ರ ಇದನ್ನು ವಿವೇಚನೆಯಿಂದ ಓದಬೇಕು. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬರುವ ಮೊದಲು ಗಾಯಕರು ಕಹಳೆಯ ಬಾಯಿಗೆ ಹಾಡುತ್ತಿದ್ದರು. ಆ ತಟ್ಟೆಗಳಲ್ಲಿ ಮೇಲಿನ ಆವರ್ತನದ ಸಂಗೀತ ಇರುವುದೇ ಇಲ್ಲ, ಅಲ್ಲಿರುವುದು ಬರೀ ಸವೆತದ ಸದ್ದು. ನೋಡಬೇಕಾದದ್ದು ಎತ್ತರವನ್ನಲ್ಲ, ಅಂಚನ್ನು: ಮೆಲ್ಲಗೆ ಕರಗಿಹೋಗುವ ಅಂಚು ಸಹಜವಾದದ್ದು, ಗೆರೆ ಎಳೆದಂತೆ ಮುಗಿಯುವ ಅಂಚು ಎಂಪಿ3ಯದ್ದು.

ಕಾನೂನಿನ ವಿಷಯವನ್ನು ಬದಿಗಿಟ್ಟು ಈ ಬಗ್ಗೆ ಬರೆಯುವುದು ಸರಿಯಲ್ಲ. ತಂತ್ರಾಂಶ ಇಟ್ಟುಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ, ಹಕ್ಕುಸ್ವಾಮ್ಯ ಇರುವ ಹಾಡನ್ನು ಅನುಮತಿಯಿಲ್ಲದೆ ಇಳಿಸುವುದೂ ಹಂಚುವುದೂ ತಪ್ಪು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ವರ್ಷಾರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ಪ್ರಕಟವಾದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆ, ಅದು ರಚಿಸಿದವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಹನ್ನೆರಡನೆಯ ಶತಮಾನದ ವಚನಕ್ಕೋ ಪರಂಪರೆಯ ಬಂದಿಶಿಗೋ ಆ ಪ್ರಶ್ನೆ ಬರುವುದಿಲ್ಲ. ಹೀಗಾಗಿ 78 ಆರ್‌ಪಿಎಂ ಕಾಲದ ಹಿಂದೂಸ್ತಾನಿ ಸಂಗೀತ ಬಹುಪಾಲು ನಮ್ಮೆಲ್ಲರ ಸೊತ್ತಾಗಿದೆ, ನಾನು ಹುಡುಕುವುದು ಹೆಚ್ಚಾಗಿ ಅದನ್ನೇ. ಮನ್ಸೂರರು 1992ರಲ್ಲಿ ತೀರಿಕೊಂಡರು. ಅವರ ಬದುಕಿನ ಕೊನೆಯ ದಶಕಗಳ ಎಲ್‌ಪಿ, ಕ್ಯಾಸೆಟ್ಟುಗಳು ಮಾರಾಟದಲ್ಲಿರುವಾಗ ಅವನ್ನು ಹಣ ಕೊಟ್ಟೇ ಪಡೆಯಬೇಕು, ಪಡೆದಿದ್ದೇನೆ.

ಈ ದೃಷ್ಟಿಯಿಂದ ಇಂಟರ್ನೆಟ್ ಆರ್ಕೈವಿನ ಹೆಸರನ್ನೂ ಹೇಳಬೇಕು. ಅಲ್ಲಿ ಜಗತ್ತಿನ 78 ಆರ್‌ಪಿಎಂ ತಟ್ಟೆಗಳ ದೊಡ್ಡ ಸಂಗ್ರಹವಿದೆ, ಅಲ್ಲಿಯ ಬಹುತೇಕ ಸಂಗ್ರಹಗಳಿಗೆ ಟೊರೆಂಟ್ ಫೈಲೂ ಇದೆ. ಮಿಂಟಿನಲ್ಲಿ ಇರುವ ಟ್ರಾನ್ಸ್‌ಮಿಷನ್ ಅದನ್ನು ತೆರೆಯುತ್ತದೆ. ನಡುವೆ ಕರೆಂಟು ಹೋದರೂ ಬಂದಷ್ಟು ತುಂಡುಗಳನ್ನು ಪರಿಶೀಲಿಸಿಕೊಂಡು ಅಲ್ಲಿಂದಲೇ ಮುಂದುವರಿಸುವುದು ಅದರ ದೊಡ್ಡ ಉಪಕಾರ.

ಇಷ್ಟೆಲ್ಲ ಜಾಲಗಳಲ್ಲಿ ಹುಡುಕಿದರೂ ನಮ್ಮ ಭಾಗದ ಸಂಗೀತ ಮಾತ್ರ ಸಿಗುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ವಿಷಯ. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇವರ ಪದಗಳನ್ನು ರಾತ್ರಿಯಿಡೀ ಹಾಡುವ ಮಂಡಳಿಗಳು ಕಲಬುರಗಿ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿವೆ. ಮೊಹರಮ್ಮಿನಲ್ಲಿ ಹಾಡುವ ರಿವಾಯತ ಪದಗಳಿವೆ. ಬಂದೇನವಾಜರ ಉರುಸಿನ ಕವ್ವಾಲಿಗಳಿವೆ. ಇವುಗಳ ಹೆಸರು ಬರೆದು ಹುಡುಕಿದರೆ ಉತ್ತರ ಬರುವುದಿಲ್ಲ. ಮುದ್ರಣವೇ ಆಗಿಲ್ಲವೆಂದಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಊರೂರಿನಲ್ಲಿಯೂ ಟೇಪ್ ರೆಕಾರ್ಡರ್ ಇಟ್ಟು ಹಿಡಿದವರಿದ್ದರು. ಆಮೇಲೆ ಬಜಾರಿನಲ್ಲಿ ಮೆಮರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುವ ಅಂಗಡಿಗಳು ಬಂದವು, ಒಂದಷ್ಟು ಹಾಡುಗಳು ಆ ದಾರಿಯಲ್ಲಿ ಉಳಿದವು. ಆದರೆ ಅಲ್ಲಿಂದ ಬಂದ ಫೈಲುಗಳ ಹೆಸರು ಬರೀ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದಿರುತ್ತದೆ. ಹೆಸರಿನ ಮೇಲೆಯೇ ನಡೆಯುವ ಹುಡುಕಾಟದಲ್ಲಿ ಇಂಥ ಫೈಲು ಇದ್ದರೂ ಇಲ್ಲದಂತೆ. ಧ್ವನಿಯ ಗುರುತಿನಿಂದ ಹಾಡನ್ನು ಪತ್ತೆಹಚ್ಚುವ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ಒಳ್ಳೆಯ ತಂತ್ರಾಂಶ ಲಿನಕ್ಸಿನಲ್ಲಿದ್ದರೂ, ಯಾರೂ ಆ ಗುರುತನ್ನು ಮೊದಲು ದಾಖಲಿಸಿಲ್ಲವಾದ್ದರಿಂದ ಅದಕ್ಕೂ ಇವು ಅಪರಿಚಿತವೇ.

ಹಾಗಾಗಿ ನಮ್ಮ ಓಣಿಯ ಹಿರಿಯರೊಬ್ಬರ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ ಹಿಡಿದಿದ್ದೇನೆ. ಅವರು ಸ್ವತಃ ದಮ್ಮಡಿ ಬಾರಿಸುವವರು, ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ. ಕೆಲಸ ನಿಧಾನದ್ದು. ಮೊದಲು ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತೊಯ್ಸಿದ ಹತ್ತಿಯಿಂದ ಒರೆಸಬೇಕು. ಹತ್ತಿಗೆ ಕಂದು ಬಣ್ಣ ಅಂಟುವುದು ನಿಲ್ಲುವವರೆಗೂ ಒರೆಸಬೇಕು. ಬಹುಕಾಲ ಅಲುಗಾಡದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಬೇಕು. ಲ್ಯಾಪ್‌ಟಾಪಿನ ಮೈಕಿನ ರಂಧ್ರಕ್ಕೆ ನೇರವಾಗಿ ಚುಚ್ಚಿದರೆ ಧ್ವನಿ ಒಡೆಯುತ್ತದೆ, ಆದ್ದರಿಂದ ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಪಾವುಕಂಟ್ರೋಲ್ ಎಂಬ ಕಿಟಕಿಯಲ್ಲಿ ಅದನ್ನು ಆರಿಸಿ, ಆಡಾಸಿಟಿಯಲ್ಲಿ 44,100 ಹರ್ಟ್ಸ್, 16 ಬಿಟ್‌ಗೆ ಹಿಡಿಯುತ್ತೇನೆ. ಈ ಲೆಕ್ಕದಲ್ಲಿ ಸ್ಟೀರಿಯೋ ಧ್ವನಿಗೆ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ ಬೇಕು. ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಗದ್ದಲ ತೆಗೆಯುವ ಸೌಲಭ್ಯ ಆಡಾಸಿಟಿಯಲ್ಲಿದೆ, ನಾನು ಅದನ್ನು ಮೂಲಪ್ರತಿಗೆ ಬಳಸುವುದಿಲ್ಲ. ಟೇಪಿನ ಸುಯ್ಯೆನ್ನುವ ಸದ್ದನ್ನು ತೆಗೆಯಹೋದಾಗ ಅದು ಏಕತಾರಿಯ ಝೇಂಕಾರವನ್ನೂ ತಾಳದ ಕೊನೆಯ ಕಂಪನವನ್ನೂ ಕೊಯ್ದುಬಿಡುತ್ತದೆ. ಹಾಡಿನ ನಡುವೆ ಯಾರೋ ಕೆಮ್ಮುವುದು, ದೂರದಲ್ಲಿ ನಾಯಿ ಬೊಗಳುವುದು, ಒಬ್ಬರು ಚರಣ ಮರೆತಾಗ ಇನ್ನೊಬ್ಬರು ಎತ್ತಿಕೊಡುವುದು ಇವೆಲ್ಲವೂ ಆ ರಾತ್ರಿಯ ಭಾಗವೇ ಆಗಿವೆ, ಅವು ಹಾಗೆಯೇ ಇರಲಿ. ಇನ್ನೊಂದು ಕಷ್ಟ ವೇಗದ್ದು. ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು ಈಗ ಏರಿದ ಶ್ರುತಿಯಲ್ಲಿ ಕೇಳಿಸುತ್ತದೆ. ಎಷ್ಟು ಇಳಿಸಬೇಕೆಂಬುದನ್ನು ಕಾಕಾ ಹಾರ್ಮೋನಿಯಂ ಮುಂದಿಟ್ಟುಕೊಂಡು, ಅದೇ ಹಾಡುಗಾರರ ಬೇರೆ ಕ್ಯಾಸೆಟ್ಟಿನ ದನಿಯೊಡನೆ ಹೋಲಿಸಿ ಹೇಳುತ್ತಾರೆ.

ಮಡಿವಾಳಪ್ಪನವರ ಪದಗಳಿಗೆ ಈಗ ಯಾರ ಹಕ್ಕೂ ಇಲ್ಲದಿದ್ದರೂ ಹಾಡಿದವರಿಗೆ ಹಕ್ಕಿದೆ. ಕಲಾವಿದರ ಹಕ್ಕು ಹಾಡಿದ ವರ್ಷದ ಮುಂದಿನ ವರ್ಷದಿಂದ 50 ವರ್ಷ ಇರುತ್ತದೆಂದು ಕಾಯ್ದೆಯೇ ಹೇಳುತ್ತದೆ, ಕಾಯ್ದೆ ಹೇಳದಿದ್ದರೂ ಕೇಳಿಯೇ ಹಂಚಬೇಕಾದದ್ದು ಮರ್ಯಾದೆ. ಆದ್ದರಿಂದ ಹಾಡಿದವರು ಅಥವಾ ಅವರ ಮನೆಯವರು ಹೂಂ ಎಂದ ಕ್ಯಾಸೆಟ್ಟುಗಳು ಮಾತ್ರ ಹಂಚಿಕೆಯ ಫೋಲ್ಡರಿಗೆ ಹೋಗುತ್ತವೆ, ಉಳಿದವು ನನ್ನಲ್ಲಿಯೇ ಇರುತ್ತವೆ. ಈವರೆಗೆ ಕೇಳಿದವರಲ್ಲಿ ಬೇಡವೆಂದವರು ಕಡಿಮೆ, ನಮಗೂ ಒಂದು ಪ್ರತಿ ಹಾಕಿಕೊಡಿ ಎಂದವರೇ ಹೆಚ್ಚು. ಅಂಥವರಿಗೆ ಪೆನ್‌ಡ್ರೈವಿನಲ್ಲಿ ಎಂಪಿ3 ಮಾಡಿ ಕೊಡುತ್ತೇನೆ, ಅವರ ಮನೆಯ ಸ್ಪೀಕರಿಗೆ ಫ್ಲ್ಯಾಕ್ ಹೊಂದದು.

ಹೆಸರಿಡುವುದರಲ್ಲಿ ಮೇಲೆ ಹೇಳಿದ ಹುಡುಕಾಟದ ಪಾಠಗಳೆಲ್ಲ ಉಪಯೋಗಕ್ಕೆ ಬಂದಿವೆ. ಫೋಲ್ಡರಿನ ಹೆಸರಿನಲ್ಲಿ ಪದಕಾರರ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ಇಂಗ್ಲಿಷ್ ಲಿಪಿಯಲ್ಲಿಯೂ ಬರೆಯುತ್ತೇನೆ. ತತ್ವಪದ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಎರಡು ಮೂರು ಕಾಗುಣಿತಗಳನ್ನೂ ಅದೇ ದಾರಿಯಲ್ಲಿ ಸೇರಿಸುತ್ತೇನೆ. ಫೈಲಿನ ಹೆಸರಾಗಿ ಪದದ ಮೊದಲ ಸಾಲು. ಇದರಿಂದ ಯಾರು ಯಾವ ರೂಪದಲ್ಲಿ ಹುಡುಕಿದರೂ ಅದು ಎದುರಾಗುತ್ತದೆ. ಒಂದು ಪಠ್ಯ ಫೈಲಿನಲ್ಲಿ ಊರು, ಸಂದರ್ಭ, ವಾದ್ಯಗಳು, ಹಿಡಿದ ಯಂತ್ರ, ನಾನು ಸರಿಪಡಿಸಿದ ವೇಗ ಇಷ್ಟನ್ನು ಬರೆದಿಡುತ್ತೇನೆ. ಟ್ಯಾಗುಗಳನ್ನು ಕಿಡ್3 ತಂತ್ರಾಂಶದಲ್ಲಿ ಕನ್ನಡದಲ್ಲಿಯೇ ತುಂಬುತ್ತೇನೆ, ಯೂನಿಕೋಡ್ ಅಕ್ಷರಗಳು ಅದರಲ್ಲಿ ಸರಿಯಾಗಿ ಕೂರುತ್ತವೆ.

ಆದರೆ ಅನೇಕ ಕ್ಯಾಸೆಟ್ಟುಗಳ ಮೇಲೆ ಹಾಡಿದವರ ಹೆಸರೇ ಇಲ್ಲ. ಊರಿನ ಹೆಸರಿದೆ, ಕೆಲವದರ ಮೇಲೆ ಅಮಾವಾಸ್ಯೆ ಭಜನಿ ಎಂದಷ್ಟೇ ಇದೆ. ಅಂಥವನ್ನು ಹೇಗೆ ಗುರುತಿಸುವುದೆಂದು ಕೇಳಿದಾಗ ಕಾಕಾ ಹೇಳಿದರು: “ಹಾಡಿದವರ ಹೆಸರ ಗೊತ್ತಿಲ್ಲಂದ್ರ ಊರ ಹೆಸರ ಹಾಕಪಾ. ಆ ಊರವರಿಗಿ ಕೇಳಸು, ದನಿ ಹಿಡದು ಯಾರಂತ ಅವರೇ ಹೇಳ್ತಾರ.” ಅದರಂತೆ ಹಾಡಿದವರ ಜಾಗದಲ್ಲಿ ಊರು ಮತ್ತು ಮಂಡಳಿಯನ್ನು ಬರೆದು, ಪ್ರತಿ ಪದದ ಒಂದೆರಡು ನಿಮಿಷವನ್ನು ಮೊಬೈಲಿಗೆ ಹಾಕಿಕೊಂಡು, ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೇವೆ. ಆಳಂದ ತಾಲೂಕಿನ ಒಂದು ಹಳ್ಳಿಯಿಂದ ಮೂವರು ಹಾಡುಗಾರರ ಹೆಸರು ಹೀಗೆ ತಿಳಿದುಬಂದವು. ಅವರಲ್ಲಿ ಒಬ್ಬರು ಈಗಲೂ ಹಾಡುತ್ತಿದ್ದಾರೆ, ಹಂಚಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆ ಫೋಲ್ಡರಿನ ಹೆಸರು ಬದಲಿಸಿ, ನಿಕೋಟಿನ್ ಪ್ಲಸ್‌ಗೆ ಹಂಚಿಕೆಯ ಪಟ್ಟಿಯನ್ನು ಮತ್ತೊಮ್ಮೆ ಓದಿಸಿದ್ದೇನೆ. ಚಿಂಚೋಳಿ, ಸೇಡಂ ಕಡೆಯ ರಿವಾಯತ ಪದಗಳ ಕ್ಯಾಸೆಟ್ಟುಗಳು ಇನ್ನೂ ಟ್ರಂಕಿನಲ್ಲಿವೆ, ಮೊಹರಮ್ಮಿಗೆ ಮುಂಚೆ ಅವುಗಳನ್ನು ಇಳಿಸಬೇಕೆಂದಿದ್ದೇವೆ.